ಕಣ್ಣು ಕಲಿತದ್ದು, ಕೈ ಮಾಡುವುದು

ಎರಡು ವರ್ಷದ ಮಗುವಿನ ಕೈಗೆ ಒಂದು ಖಾಲಿ ಲೋಟ ಕೊಟ್ಟು ನೋಡಿ. ಅಜ್ಜ ಕಾಫಿ ಕುಡಿಯುವುದನ್ನು ಕಂಡ ಮಗುವಾದರೆ ಲೋಟವನ್ನು ತುಟಿಯ ಹತ್ತಿರ ತಂದು ಉಫ್ ಎಂದು ಊದುತ್ತದೆ. ಆರಿಸಲು ಅದರಲ್ಲಿ ಬಿಸಿಯೂ ಇಲ್ಲ, ಕಾಫಿಯೂ ಇಲ್ಲ. ಹೀಗೆ ಮಾಡು ಎಂದು ಯಾರೂ ಹೇಳಿಕೊಟ್ಟಿಲ್ಲ. ನೋಡಿತು, ಮಾಡಿತು, ಅಷ್ಟೆ.

ನೋಡಿ ಮಾಡುವ ಈ ಗುಣವನ್ನು ನಮ್ಮ ಗಾದೆಗಳು ಎರಡು ರೀತಿಯಲ್ಲಿ ಕಂಡಿವೆ. 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆ ಅದನ್ನು ಸಹಜವೆಂದು ಒಪ್ಪಿಕೊಳ್ಳುತ್ತದೆ. 'ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ' ಎಂಬ ಗಾದೆ ನಗೆಯಾಡುತ್ತದೆ. ಈ ಎರಡರ ನಡುವೆ ಮನೋವಿಜ್ಞಾನಿಗಳು ಒಂದು ಪ್ರಶ್ನೆ ಇಟ್ಟಿದ್ದಾರೆ. ಕಂಡದ್ದನ್ನೆಲ್ಲ ಮನುಷ್ಯ ಮಾಡುವುದಿಲ್ಲ. ಹಾಗಾದರೆ ಯಾವುದನ್ನು ಮಾಡುತ್ತಾನೆ, ಯಾವುದನ್ನು ಬಿಡುತ್ತಾನೆ? ಈ ಪ್ರಶ್ನೆಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಸುತ್ತಿನಲ್ಲೇ ಒಂದು ಸಿನಿಮಾ, ಒಂದು ಬೊಂಬೆ, ಒಂದು ರೇಷ್ಮೆ ಎಳೆ ಇದಕ್ಕೆ ಉತ್ತರ ಇಟ್ಟುಕೊಂಡಿವೆ.

ಬದಲಾದ ಕೊನೆಯ ದೃಶ್ಯ

1973ರ ಅಕ್ಟೋಬರ್ ತಿಂಗಳಲ್ಲಿ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಒಂದು ಹಿಂದಿ ಚಿತ್ರದ ಚಿತ್ರೀಕರಣ ಆರಂಭವಾಯಿತು. ಬಂಡೆಗಳ ಬುಡದಲ್ಲಿ ಗುಡಿ, ನೀರಿನ ಟ್ಯಾಂಕು, ಮನೆಗಳ ಸಾಲು ಸಹಿತ 'ರಾಮಗಢ' ಎಂಬ ಹಳ್ಳಿಯನ್ನೇ ಕಟ್ಟಿದರು. ಚಿತ್ರ 'ಶೋಲೆ', ನಿರ್ದೇಶಕ ರಮೇಶ್ ಸಿಪ್ಪಿ. ಕಥೆ ಎಲ್ಲರಿಗೂ ಗೊತ್ತಿರುವುದೇ. ಗಬ್ಬರ್ ಸಿಂಗ್ ಎಂಬ ಡಕಾಯಿತ ನಿವೃತ್ತ ಪೊಲೀಸ್ ಅಧಿಕಾರಿ ಠಾಕೂರನ ಮನೆಯವರನ್ನು ಕೊಂದು, ಅವನ ಎರಡೂ ತೋಳುಗಳನ್ನು ಕತ್ತರಿಸಿರುತ್ತಾನೆ. ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ ತೋಳಿಲ್ಲದ ಠಾಕೂರ್ ಮೊಳೆ ಹೊಡೆದ ಪಾದರಕ್ಷೆಯಿಂದ ಗಬ್ಬರನನ್ನು ತುಳಿದು ಕೊಲ್ಲುತ್ತಾನೆ.

ಸೆನ್ಸಾರ್ ಮಂಡಳಿ ಇದಕ್ಕೆ ಒಪ್ಪಲಿಲ್ಲ. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನನ್ನು ಕೈಗೆತ್ತಿಕೊಳ್ಳಬಾರದು ಎಂಬುದು ಅದರ ಆಕ್ಷೇಪ. ದೇಶದಲ್ಲಿ ಆಗ ತಾನೆ ತುರ್ತುಪರಿಸ್ಥಿತಿ ಜಾರಿಗೆ ಬಂದಿತ್ತು. ನಿರ್ಮಾಪಕರು ಕೊನೆಯನ್ನು ಮತ್ತೆ ಚಿತ್ರೀಕರಿಸಿದರು. ಹೊಸ ಕೊನೆಯಲ್ಲಿ ಸರಿಯಾದ ಗಳಿಗೆಗೆ ಪೊಲೀಸರು ಬರುತ್ತಾರೆ, ಗಬ್ಬರ್ ಕಾನೂನಿನ ವಶವಾಗುತ್ತಾನೆ. 1975ರ ಆಗಸ್ಟ್ 15ರಂದು ತೆರೆಕಂಡದ್ದು ಈ ಕೊನೆಯೇ. ಮೊದಲಿನ ಕೊನೆಯನ್ನು ಸೇರಿಸಿ ಪುನರುಜ್ಜೀವಗೊಳಿಸಿದ ಪ್ರತಿ ಚಿತ್ರಕ್ಕೆ 50 ವರ್ಷ ತುಂಬಿದಾಗ, 2025ರ ಜೂನ್‌ನಲ್ಲಿ, ಇಟಲಿಯ ಬೊಲೋನ್ಯಾದಲ್ಲಿ ಪ್ರದರ್ಶನಗೊಂಡಿತು.

ಸೆನ್ಸಾರ್ ಮಂಡಳಿಯ ಆಕ್ಷೇಪದ ಹಿಂದೆ ಒಂದು ಮನಶ್ಶಾಸ್ತ್ರ ಅಡಗಿತ್ತು. ತೆರೆಯ ಮೇಲೆ ಮಾಡಿದ ಕೆಲಸಕ್ಕಿಂತ ಆ ಕೆಲಸಕ್ಕೆ ಸಿಕ್ಕ ಫಲ ಮುಖ್ಯ. ಫಲ ನೋಡಿ ಜನ ಪಾಠ ಕಲಿಯುತ್ತಾರೆ ಎಂಬುದೇ ಅದು. ಈ ನಂಬಿಕೆ ಎಷ್ಟು ಸರಿ? ಅದನ್ನು ಪರೀಕ್ಷೆಗೆ ಒಡ್ಡಿದ ಒಂದು ಪ್ರಯೋಗ ಅದಾಗಲೇ ಹತ್ತು ವರ್ಷ ಹಳೆಯದಾಗಿತ್ತು.

ತಳ್ಳಿದರೂ ಏಳುವ ಬೊಂಬೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ ಇದ್ದರು. ಕೆನಡಾದಲ್ಲಿ 1925ರಲ್ಲಿ ಹುಟ್ಟಿದ ಅವರು 2021ರಲ್ಲಿ ತೀರಿಕೊಂಡರು. ಅವರ ಪ್ರಯೋಗದ ಮುಖ್ಯ ಸಲಕರಣೆ ಒಂದು ಬೊಂಬೆ. ಚನ್ನಪಟ್ಟಣದ ಮರದ ಬೊಂಬೆಯಲ್ಲ. ಗಾಳಿ ತುಂಬಿದ, ಬುಡದಲ್ಲಿ ಭಾರವಿಟ್ಟ, ಎಷ್ಟು ತಳ್ಳಿದರೂ ಮತ್ತೆ ಎದ್ದು ನಿಲ್ಲುವ 'ಬೋಬೋ' ಬೊಂಬೆ.

1961ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಮೂರರಿಂದ ಆರು ವರ್ಷದೊಳಗಿನ 72 ಮಕ್ಕಳಿದ್ದರು. ಮೂರರಲ್ಲೊಂದು ಪಾಲು ಮಕ್ಕಳ ಎದುರು ಒಬ್ಬ ದೊಡ್ಡವರು ಬೊಂಬೆಯನ್ನು ಕೊಡತಿಯಿಂದ ಬಡಿದು, ಒದ್ದು, ಅದರ ಮೇಲೆ ಕುಳಿತು ಗುದ್ದಿದರು. ಇನ್ನೊಂದು ಪಾಲಿನ ಎದುರು ದೊಡ್ಡವರು ಬೊಂಬೆಯ ತಂಟೆಗೆ ಹೋಗದೆ ಸುಮ್ಮನೆ ಬೇರೆ ಆಟಿಕೆ ಜೋಡಿಸಿದರು. ಉಳಿದವರು ಯಾರನ್ನೂ ನೋಡಲಿಲ್ಲ. ಆಮೇಲೆ ಮಕ್ಕಳನ್ನು ಆಟಿಕೆಗಳಿರುವ ಕೋಣೆಗೆ ಬಿಟ್ಟಾಗ, ಹೊಡೆತ ಕಂಡ ಮಕ್ಕಳು ಅದೇ ಕೊಡತಿ, ಅದೇ ಒದೆತ, ಅದೇ ಬೈಗುಳವನ್ನು ಮರಳಿ ಒಪ್ಪಿಸಿದರು.

ಆದರೆ ನಿಜವಾದ ಸ್ವಾರಸ್ಯ ಇರುವುದು 1965ರ ಪ್ರಯೋಗದಲ್ಲಿ. ಅದರಲ್ಲಿ 66 ಮಕ್ಕಳಿಗೆ ಬೊಂಬೆ ಬಡಿಯುವ ಒಂದೇ ಚಲನಚಿತ್ರವನ್ನು ಮೂರು ಬೇರೆ ಬೇರೆ ಕೊನೆಗಳೊಂದಿಗೆ ತೋರಿಸಿದರು. ಒಂದರಲ್ಲಿ ಬಡಿದವನಿಗೆ ಶಹಬಾಸ್‌ಗಿರಿ, ಮಿಠಾಯಿ, ತಂಪು ಪಾನೀಯ. ಎರಡನೆಯದರಲ್ಲಿ ಬೈಗುಳ, ಏಟು. ಮೂರನೆಯದರಲ್ಲಿ ಏನೂ ಇಲ್ಲ. ಏಟು ತಿಂದದ್ದನ್ನು ಕಂಡ ಮಕ್ಕಳು ಉಳಿದವರಿಗಿಂತ ಕಡಿಮೆ ಅನುಕರಿಸಿದರು. ಅಲ್ಲಿಗೆ ಸೆನ್ಸಾರ್ ಮಂಡಳಿಯ ಲೆಕ್ಕ ಸರಿಯಾಯಿತು ಎನ್ನಿಸುತ್ತದೆ.

ಬಂಡೂರ ಅಲ್ಲಿಗೆ ನಿಲ್ಲಿಸಲಿಲ್ಲ. 'ಆ ಮನುಷ್ಯ ಏನು ಮಾಡಿದ, ತೋರಿಸು. ತೋರಿಸಿದ ಒಂದೊಂದಕ್ಕೂ ಹಣ್ಣಿನ ರಸ, ಬಣ್ಣದ ಚಿತ್ರ ಕೊಡುತ್ತೇವೆ' ಎಂದು ಎಲ್ಲ ಮಕ್ಕಳಿಗೂ ಹೇಳಲಾಯಿತು. ಆಗ ಮೂರು ಗುಂಪುಗಳ ನಡುವಿನ ವ್ಯತ್ಯಾಸ ಮಾಯವಾಯಿತು. ಮೊದಲು ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಕಡಿಮೆ ಅನುಕರಿಸಿದ್ದರು. ಆ ಅಂತರವೂ ಬಹುಪಾಲು ಕರಗಿತು. ಶಿಕ್ಷೆ ಕಂಡ ಮಗುವೂ ಎಲ್ಲವನ್ನೂ ಕಲಿತೇ ಇತ್ತು. ಕಲಿತದ್ದನ್ನು ಒಳಗಿಟ್ಟುಕೊಂಡಿತ್ತು, ಹೊರಗೆ ತಂದಿರಲಿಲ್ಲ.

ಕಲಿಯುವುದು ಬೇರೆ, ಮಾಡುವುದು ಬೇರೆ ಎಂಬುದು ಈ ಪ್ರಯೋಗದ ಸಾರ. ಕಲಿಯಲು ಕಣ್ಣು ಸಾಕು. ಮಾಡಲು ಫಲದ ಆಸೆ ಬೇಕು. ಈ ಪ್ರಯೋಗಗಳಿಗೆ ಟೀಕೆಗಳೂ ಬಂದಿವೆ. ಬೋಬೋ ಬೊಂಬೆ ಇರುವುದೇ ಹೊಡೆಯಲು. ಅದನ್ನು ಹೊಡೆದ ಮಗು ನಾಳೆ ಮನುಷ್ಯರನ್ನು ಹೊಡೆಯುತ್ತದೆ ಎನ್ನಲಾಗದು ಎಂದವರಿದ್ದಾರೆ. ಆ ಮಾತು ನ್ಯಾಯವಾದದ್ದೇ. ಆದರೂ ಕಲಿಕೆ ಮತ್ತು ಕ್ರಿಯೆಗಳ ನಡುವಿನ ಆ ಅಂತರ ಟೀಕೆಗಳನ್ನು ದಾಟಿ ಉಳಿದಿದೆ.

ಸೆರೆಯಾದವನಿಗೆ ಸಿಕ್ಕ ಮೆಚ್ಚುಗೆ

ಈ ಅಂತರವನ್ನು ತಿಳಿದು 'ಶೋಲೆ'ಯತ್ತ ಮತ್ತೆ ತಿರುಗಿದರೆ ಒಂದು ತಮಾಷೆ ಕಾಣುತ್ತದೆ. ಕೊನೆಯಲ್ಲಿ ಸೆರೆಯಾದವನು ಗಬ್ಬರ್. ದೇಶದ ಮಕ್ಕಳು ಅನುಕರಿಸಿದ್ದೂ ಗಬ್ಬರನನ್ನೇ! ಅವನ ನಗು, ಬಂಡೆಯ ಮೇಲೆ ಬೆಲ್ಟು ಎಳೆಯುತ್ತ ನಡೆಯುವ ರೀತಿ, ಹೊಗೆಸೊಪ್ಪು ತಿಕ್ಕುವ ಕೈ, ಇವೆಲ್ಲ ಶಾಲೆಯ ವಾರ್ಷಿಕೋತ್ಸವದ ವೇದಿಕೆ ಏರಿದವು. ಸಂಭಾಷಣೆಯನ್ನೇ ಮುದ್ರಿಸಿದ ಗ್ರಾಮಫೋನ್ ತಟ್ಟೆಗಳು ಮಾರಾಟವಾದವು. ಆ ಪಾತ್ರ ಮಾಡಿದ ಅಮ್ಜದ್ ಖಾನ್ ಗಬ್ಬರನ ವೇಷದಲ್ಲೇ ಬ್ರಿಟಾನಿಯಾ ಗ್ಲೂಕೋಸ್-ಡಿ ಬಿಸ್ಕತ್ತಿನ ಜಾಹೀರಾತಿಗೆ ಬಂದರು. ಮಕ್ಕಳ ತಿಂಡಿಗೆ ಡಕಾಯಿತನ ಶಿಫಾರಸು!

ಹಾಗೆಂದು ಆ ಮಕ್ಕಳು ಡಕಾಯಿತರಾಗಲಿಲ್ಲ. ಗಬ್ಬರನಂತೆ ನಕ್ಕರೆ ಗೆಳೆಯರು ಚಪ್ಪಾಳೆ ತಟ್ಟುತ್ತಾರೆ. ಆ ಫಲ ಕೈಗೆ ಸಿಗುವಂಥದ್ದು. ಗಬ್ಬರನಂತೆ ದೋಚಿದರೆ ಸಿಗುವ ಫಲವೇನೆಂಬುದು ಸುತ್ತಲಿನ ಮನೆ, ಊರು, ಶಾಲೆಗಳಿಂದ ಅವರಿಗೆ ಗೊತ್ತಿತ್ತು. ತೆರೆಯ ಮೇಲಿನ ಕೊನೆಯ ದೃಶ್ಯ ಐದು ನಿಮಿಷದ್ದು. ಮಗುವಿನ ಸುತ್ತ ನಡೆಯುವ ದೃಶ್ಯ ದಿನವಿಡೀ ನಡೆಯುತ್ತದೆ, ಮತ್ತು ಅದನ್ನು ಯಾವ ಮಂಡಳಿಯೂ ತಿದ್ದುವುದಿಲ್ಲ.

ಲೇತಿನ ಮುಂದೆ

ರಾಮನಗರದಿಂದ ಮೈಸೂರಿನ ಕಡೆ ಹೊರಟರೆ ಮುಂದಿನ ಊರು ಚನ್ನಪಟ್ಟಣ. ಅಲ್ಲಿನ ಬೊಂಬೆಯ ಕಸುಬು ಅನುಕರಣೆಯಿಂದಲೇ ಬೆಳೆದದ್ದು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎಂಬುದು ಊರಿನಲ್ಲಿ ಬಳಕೆಯಲ್ಲಿರುವ ಮಾತು. ಜಪಾನಿನ ಬೊಂಬೆ ಕೆಲಸದ ಕ್ರಮಗಳನ್ನು ಇಲ್ಲಿಗೆ ಹೊಂದಿಸಿದವರೆಂದು ಬಾವಾಸ್ ಮಿಯಾನ್ ಅವರನ್ನು ಜನ ಇಂದಿಗೂ ನೆನೆಯುತ್ತಾರೆ. 2005-06ರಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಕೆಲಸ ನೋಡಲು ಸುಲಭ. ಒಣಗಿಸಿದ ಹಾಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ ತಿರುಗಿಸುತ್ತಾರೆ. ಉಳಿ ತಾಗಿಸಿದಂತೆ ಆಕಾರ ಬರುತ್ತದೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಒಣಗಿದ ತಾಳೆಗರಿಯನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಆದರೆ ಎಷ್ಟು ಒತ್ತಬೇಕು? ಉಳಿಯನ್ನು ಎಷ್ಟು ಓರೆ ಹಿಡಿಯಬೇಕು? ಇದನ್ನು ಬರೆದು ತಿಳಿಸಲು ಹೊರಟರೆ ಪುಸ್ತಕ ತುಂಬುತ್ತದೆ, ಕೆಲಸ ಬರುವುದಿಲ್ಲ. ಲೇತಿನ ಪಕ್ಕ ಕುಳಿತು ನೋಡಿದವನಿಗೆ ಬರುತ್ತದೆ.

ಇಲ್ಲಿ ಇನ್ನೊಂದು ಪ್ರಯೋಗವನ್ನು ನೆನೆಯಬೇಕು. ಸ್ಕಾಟ್ಲೆಂಡಿನ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಚಿಂಪಾಂಜಿಗಳಿಗೂ ಮೂರು-ನಾಲ್ಕು ವರ್ಷದ ಮಕ್ಕಳಿಗೂ ಒಂದು ಪೆಟ್ಟಿಗೆಯಿಂದ ತಿಂಡಿ ಅಥವಾ ಬಹುಮಾನ ತೆಗೆಯುವುದನ್ನು ತೋರಿಸಿದರು. ತೋರಿಸುವಾಗ ಬೇಕಾದ ಕ್ರಿಯೆಗಳ ಜೊತೆಗೆ ಬೇಡದ ಕೆಲವನ್ನೂ ಸೇರಿಸಿದ್ದರು. ಪೆಟ್ಟಿಗೆ ಪಾರದರ್ಶಕವಾಗಿದ್ದು ಬೇಡದ ಕ್ರಿಯೆ ಬೇಡವೆಂದು ಕಣ್ಣಿಗೇ ಕಾಣುವಾಗ ಚಿಂಪಾಂಜಿಗಳು ಅದನ್ನು ಬಿಟ್ಟು ನೇರವಾಗಿ ತಿಂಡಿಗೆ ಕೈ ಹಾಕಿದವು. ಮಕ್ಕಳು ಮಾತ್ರ ಬೇಡದ್ದನ್ನೂ ಬಿಡದೆ ಮಾಡಿದರು.

ಟೋಪಿ ಮಾರುವವನ ಕಥೆ ಕೇಳಿ ಬೆಳೆದವರು ಅನುಕರಣೆ ಎಂದರೆ ಕೋತಿಯ ಗುಣ ಎನ್ನುತ್ತಾರೆ. ಪ್ರಯೋಗ ಹೇಳುವುದು ತಿರುವುಮುರುವು. ಚಾಚೂ ತಪ್ಪದ ಅನುಕರಣೆ ಮನುಷ್ಯನ ಗುಣ. ಮೇಲ್ನೋಟಕ್ಕೆ ಇದು ದಡ್ಡತನ. ಆದರೆ ಲೇತಿನ ಮುಂದೆ ಕುಳಿತ ಹುಡುಗನನ್ನು ನೆನೆಯಿರಿ. ಮರವನ್ನು ಇಷ್ಟು ದಿನ ಒಣಗಿಸುವುದೇಕೆ, ಕೊನೆಗೆ ಗರಿಯನ್ನೇ ಒತ್ತುವುದೇಕೆ ಎಂದು ಅವನಿಗೆ ತಿಳಿಯದು. ತಿಳಿಯದ್ದನ್ನು ಬಿಟ್ಟುಬಿಡುತ್ತ ಹೋದರೆ ಮರ ಬಿರುಕು ಬಿಡುತ್ತದೆ, ಬಣ್ಣ ಮಂಕಾಗುತ್ತದೆ. ಮೊದಲು ಎಲ್ಲವನ್ನೂ ಹಾಗೆಯೇ ಮಾಡಿ, ಕಾರಣವನ್ನು ಆಮೇಲೆ ತಿಳಿಯುವವನ ಕೈಯಲ್ಲಿ ಕಸುಬು ಉಳಿಯುತ್ತದೆ.

ಹಣ್ಣಾದ ಹುಳು

ಬೊಂಬೆಗೆ ಚನ್ನಪಟ್ಟಣವಾದರೆ, ರೇಷ್ಮೆಗೆ ಈ ನಾಲ್ಕೂ ತಾಲ್ಲೂಕುಗಳು. ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ಹುಳು ಸಾಕುತ್ತಾರೆ. ಗೂಡು ರಾಮನಗರದ ಸರ್ಕಾರಿ ಮಾರುಕಟ್ಟೆಗೆ ಬರುತ್ತದೆ. ಹುಳು ನಾಲ್ಕು ಜ್ವರ ಕಳೆದು, ಹೊಟ್ಟೆ ತುಂಬ ಸೊಪ್ಪು ತಿಂದು, ಒಂದು ದಿನ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ತಿಳಿಯಾಗಿ ಹೊಳೆಯುತ್ತದೆ, ತಲೆ ಎತ್ತಿ ಆಡಿಸುತ್ತದೆ. ಅದೇ ಹಣ್ಣಾದ ಹುಳು. ಆಗ ಆರಿಸಿ ಚಂದ್ರಿಕೆಗೆ ಬಿಡಬೇಕು. ಬೇಗ ಬಿಟ್ಟರೆ ಹುಳು ಗೂಡು ಕಟ್ಟದೆ ಅಲೆಯುತ್ತದೆ. ತಡವಾದರೆ ತಟ್ಟೆಯ ಸೊಪ್ಪಿನ ನಡುವೆಯೇ ನೂಲು ಸುರಿದು ಹಾಳಾಗುತ್ತದೆ. ಸಾವಿರಾರು ಹುಳುಗಳ ನಡುವೆ ಹಣ್ಣಾದದ್ದನ್ನು ಬೆರಳು ಹೋಗುತ್ತಿದ್ದಂತೆ ಗುರುತಿಸುವ ಅಜ್ಜಿಯನ್ನು ಕೇಳಿದರೆ 'ನೋಡಿದರೆ ಗೊತ್ತಾಗುತ್ತಲ್ಲವಾ ಮಗಾ' ಎನ್ನುತ್ತಾಳೆ. ಅವಳ ಅವ್ವನೂ ಅಷ್ಟೇ ಹೇಳಿದ್ದಳು.

ನೂಲು ಬಿಚ್ಚುವವರ ಕೆಲಸವೂ ಹಾಗೆಯೇ. ಬಿಸಿನೀರಿನಲ್ಲಿ ಬೆಂದ ಗೂಡುಗಳ ಎಳೆಯ ತುದಿ ಹಿಡಿದು, ಹಲವು ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಒಂದು ಗೂಡು ಮುಗಿದೊಡನೆ ನೂಲು ತೆಳುವಾಗುತ್ತದೆ. ಓಡುತ್ತಿರುವ ನೂಲಿಗೆ ಆ ಕ್ಷಣವೇ ಹೊಸ ಎಳೆ ತಾಗಿಸಬೇಕು.

ಬಂಡೂರ 1977ರ ತಮ್ಮ ಪುಸ್ತಕದಲ್ಲಿ ನೋಡಿ ಕಲಿಯುವುದಕ್ಕೆ ನಾಲ್ಕು ಮೆಟ್ಟಿಲು ಹೇಳಿದರು. ಗಮನವಿಟ್ಟು ನೋಡಬೇಕು. ನೋಡಿದ್ದು ನೆನಪಿನಲ್ಲಿ ಉಳಿಯಬೇಕು. ನೆನಪಿದ್ದದ್ದು ಕೈಗೂಡಬೇಕು. ಕೊನೆಯದಾಗಿ, ಮಾಡಬೇಕೆಂಬ ಮನಸ್ಸು ಬರಬೇಕು. ಮೊದಲ ಎರಡು ಮೆಟ್ಟಿಲು ಹುಳುಮನೆಯಲ್ಲಿ, ಲೇತಿನ ಪಕ್ಕದಲ್ಲಿ ತಾವಾಗಿಯೇ ದಾಟುತ್ತವೆ. ಮೂರನೆಯದಕ್ಕೆ ಅಭ್ಯಾಸ ಬೇಕು. ಎಷ್ಟು ನೋಡಿದರೂ ಉಳಿ ಹಿಡಿಯದ ಕೈಗೆ ಬೊಂಬೆ ಬಾರದು.

ಮಿದುಳಿನೊಳಗೂ ಇದಕ್ಕೆ ಒಂದು ಸುಳಿವು ಸಿಕ್ಕಿದೆ. 1990ರ ದಶಕದ ಆರಂಭದಲ್ಲಿ ಇಟಲಿಯ ಪಾರ್ಮಾ ನಗರದಲ್ಲಿ ಜಕೋಮೊ ರಿಜೊಲಾಟಿ ಮತ್ತು ಸಂಗಡಿಗರು ಮಕಾಕ್ ಕೋತಿಗಳ ಮಿದುಳಿನಲ್ಲಿ ಕೆಲವು ನರಕೋಶಗಳನ್ನು ಕಂಡರು. ಕೋತಿ ತಾನೇ ವಸ್ತುವನ್ನು ಎತ್ತಿಕೊಂಡಾಗಲೂ, ಬೇರೆಯವರು ಎತ್ತುವುದನ್ನು ನೋಡಿದಾಗಲೂ ಅವು ಚುರುಕಾಗುತ್ತಿದ್ದವು. ಅವುಗಳಿಗೆ 'ಕನ್ನಡಿ ನರಕೋಶ' ಎಂದು ಹೆಸರಾಯಿತು. ಆದರೆ ಅನುಕರಣೆಯ ಗುಟ್ಟೆಲ್ಲ ಇದರಲ್ಲೇ ಇದೆ ಎನ್ನುವಂತಿಲ್ಲ. ಆ ನರಕೋಶಗಳನ್ನು ಹೊತ್ತ ಮಕಾಕ್‌ಗಳೇ ಅನುಕರಣೆಯಲ್ಲಿ ತೀರ ಹಿಂದೆ!

ಸಂಜೆಯ ಕೂಲಿ

ಇನ್ನು ನಾಲ್ಕನೆಯ ಮೆಟ್ಟಿಲು. ಈ ಊರುಗಳ ಕಸುಬು ಎಡವುತ್ತಿರುವುದು ಇಲ್ಲಿಯೇ. ಹುಡುಗನಿಗೆ ಆಸಕ್ತಿಯಿಲ್ಲ, ಈಗಿನವರಿಗೆ ತಾಳ್ಮೆಯಿಲ್ಲ ಎಂದು ಹಿರಿಯರು ದೂರುತ್ತಾರೆ. ಬಂಡೂರರ ಮೂರು ಕೊನೆಗಳ ಚಿತ್ರವನ್ನು ನೆನಪಿಸಿಕೊಂಡರೆ ದೂರು ಬೇರೆ ರೀತಿ ಕಾಣುತ್ತದೆ.

ಮಗು ನೋಡುವುದು ಲೇತನ್ನು ಮಾತ್ರವಲ್ಲ. ಲೇತು ನಿಂತ ಮೇಲಿನದನ್ನೂ ನೋಡುತ್ತದೆ. ದಿನವಿಡೀ ಬಗ್ಗಿ ಕುಳಿತ ಅಪ್ಪ ಸಂಜೆ ಕೂಲಿ ಎಣಿಸುವಾಗ ಅವನ ಮುಖ ಹೇಗಿತ್ತು? ಗೂಡು ತುಂಬಿಕೊಂಡು ಹರಾಜಿಗೆ ಹೋದ ಅಪ್ಪ ಬೆಲೆ ಬಿದ್ದ ದಿನ ಮನೆಗೆ ಬಂದು ಏನೆಂದ? ಬಿಡದಿಯ ಕಾರ್ಖಾನೆಗೆ ಹೋಗುವ ಪಕ್ಕದ ಮನೆಯವನು ಸಮವಸ್ತ್ರ ತೊಟ್ಟು ಬಸ್ಸು ಹತ್ತುವಾಗ ಓಣಿಯ ಜನ ಅವನನ್ನು ಹೇಗೆ ಮಾತಾಡಿಸಿದರು? ಕಸುಬಿನ ಚಿತ್ರಕ್ಕೆ ಮನೆಯಲ್ಲಿ ಸಿಗುವ ಕೊನೆ ಇದು. 'ನಮ್ಮ ಕಲೆ ದೊಡ್ಡದು, ಕಲಿತುಕೋ' ಎಂದು ಬೆಳಿಗ್ಗೆ ಹೇಳಿ, 'ಈ ಹಾಳು ಕೆಲಸ ನನ್ನ ಕಾಲಕ್ಕೇ ಮುಗಿಯಲಿ' ಎಂದು ರಾತ್ರಿ ನಿಟ್ಟುಸಿರು ಬಿಟ್ಟರೆ ಮಗು ಎರಡನೆಯದನ್ನು ನಂಬುತ್ತದೆ. ಅದು ದಡ್ಡ ಮಗುವಲ್ಲ. ಫಲ ನೋಡಿ ತೀರ್ಮಾನಿಸುವ ಮಗು.

2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲಿ ಚನ್ನಪಟ್ಟಣದ ಬೊಂಬೆಯ ಹೆಸರು ಬಂದಿತು. ಊರಿಗೆ ಹಿಗ್ಗಾಯಿತು. ಹೊಗಳಿಕೆಯೂ ಒಂದು ಫಲವೇ, ಬೇಡವೆಂದಲ್ಲ. ಆದರೆ ಮಗುವಿನ ಕಣ್ಣಿಗೆ ದಿನವೂ ಬೀಳುವ ಫಲ ಸಂಜೆಯ ಕೂಲಿ. ಬೊಂಬೆಗೆ ನ್ಯಾಯವಾದ ಬೆಲೆ, ಗೂಡಿಗೆ ನೆಚ್ಚಬಹುದಾದ ದರ, ದೂಳು ಹೊಗೆ ಕಡಿಮೆಯಾದ ಕೆಲಸದ ಜಾಗ ಇವು ಆರ್ಥಿಕ ವಿಷಯಗಳೆಂದು ತೋರುತ್ತವೆ. ಅವು ಕಲಿಕೆಯ ವಿಷಯಗಳೂ ಹೌದು.

ಇದರಲ್ಲಿ ಒಂದು ಸಮಾಧಾನವೂ ಇದೆ. ಕಾರ್ಖಾನೆಗೆ ಹೋದ ಹುಡುಗನ ಕಣ್ಣು ಕಲಿತದ್ದು ಅಳಿಸಿಹೋಗಿಲ್ಲ. ಲೇತಿನ ಸದ್ದಿನಲ್ಲೇ ಬೆಳೆದು, ಉಳಿಯನ್ನು ಮಾತ್ರ ಕೈಗೆ ಪಡೆಯದ ಹೆಣ್ಣುಮಗಳ ಕಣ್ಣೂ ಕಲಿತಿರುತ್ತದೆ. ಬಂಡೂರರ ಹೆಣ್ಣುಮಕ್ಕಳಂತೆ ಅವಳೂ ತೋರಿಸಿಲ್ಲ, ಅಷ್ಟೆ. ಇಂದು ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕುಳಿತ ಹೆಂಗಸರಿದ್ದಾರೆ. ಅವಕಾಶ ಮತ್ತು ಫಲ ಎರಡೂ ಸಿಕ್ಕರೆ ಒಳಗಿದ್ದ ಕಲಿಕೆ ಹೊರಗೆ ಬರುತ್ತದೆ.

ಒಳ್ಳೆಯದಕ್ಕೆ ಸಲ್ಲುವ ಈ ನಿಯಮ ಕೆಟ್ಟದ್ದಕ್ಕೂ ಸಲ್ಲುತ್ತದೆ ಎಂಬುದನ್ನು ಮರೆಯಬಾರದು. ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಒಂದು ಸುತ್ತು ಉಳಿಸಲು ಎದುರು ದಿಕ್ಕಿನಲ್ಲಿ ಬೈಕು ಓಡಿಸುವ ತಂದೆ, ಮುಂದೆ ಕುಳಿತ ಮಗುವಿಗೆ ಪಾಠ ಮಾಡುತ್ತಿರುತ್ತಾನೆ. ಐದು ನಿಮಿಷ ಉಳಿಯಿತು, ಏನೂ ಆಗಲಿಲ್ಲ ಎಂಬುದು ಅವತ್ತಿನ ಪಾಠದ ಕೊನೆ. ಮಗು ಅಂದು ಬೈಕು ಓಡಿಸುವುದಿಲ್ಲ. ಹದಿನೆಂಟು ತುಂಬುವವರೆಗೆ ಆ ಪಾಠ ಒಳಗೆ ಕಾದಿರುತ್ತದೆ. ರಾತ್ರಿ ಊಟದ ತಟ್ಟೆಯ ಮುಂದೆ ಮೊಬೈಲು ಹಿಡಿದು ಮಗನಿಗೆ ಓದು ಎನ್ನುವ ಮನೆಯಲ್ಲೂ ಇದೇ ನಡೆಯುತ್ತದೆ. 'ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ' ಎಂಬುದು ಗಾದೆ. ಮಕ್ಕಳು ಪುರಾಣವನ್ನು ಕೇಳಿಸಿಕೊಳ್ಳುತ್ತಾರೆ, ಬದನೆಕಾಯಿಯನ್ನು ಕಲಿಯುತ್ತಾರೆ.

ಹಾಗಾದರೆ ಹಿರಿಯರು ಮಾಡಬೇಕಾದ್ದೇನು? ಮಗುವಿನ ಕಣ್ಣು ಮುಚ್ಚುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಒಳ್ಳೆಯ ಕೆಲಸವನ್ನು ಅದರ ಎದುರಿಗೇ ಮಾಡಬಹುದು. ಆ ಕೆಲಸ ಮಾಡಿದವರನ್ನು ಅದರ ಎದುರಿಗೇ ಗೌರವಿಸಬಹುದು. ಅಡ್ಡದಾರಿ ಹಿಡಿದು ಗೆದ್ದವನ ಜಾಣತನವನ್ನು ಊಟದ ಹೊತ್ತಿನಲ್ಲಿ ಮೆಚ್ಚಿ ಮಾತಾಡದೆ ಇರಬಹುದು. ಲೇತಿನ ಪಕ್ಕ ಕುಳಿತ ಮಗು ಅಪ್ಪನ ಕೈಯನ್ನು ಎಷ್ಟು ಗಮನವಿಟ್ಟು ನೋಡುತ್ತದೆಯೋ, ಬೊಂಬೆ ಕೊಳ್ಳಲು ಬಂದವರು ಅಪ್ಪನೊಡನೆ ಹೇಗೆ ಮಾತಾಡಿದರು, ಎಷ್ಟು ಚೌಕಾಸಿ ಮಾಡಿದರು ಎಂಬುದನ್ನೂ ಅಷ್ಟೇ ಗಮನವಿಟ್ಟು ನೋಡುತ್ತಿರುತ್ತದೆ.